ಹಿಟ್ಟು ಉಬ್ಬಿದರೆ ಸಾಲದು, ಸತ್ವವೂ ಹೆಚ್ಚಬೇಕು

(ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ ಆರೋಗ್ಯ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹುದುಗು ಬರಿಸಿದ ಸೋಯಾ ತಿನಿಸುಗಳ ಸತ್ವ ಹೆಚ್ಚಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಕಾರ್ಯಕ್ರಮದ ಪ್ರಕಟಣೆ ವಾಟ್ಸಾಪ್‌ನಲ್ಲಿ ಬಂದ ಕೂಡಲೇ ಒಬ್ಬರು ಫೋನ್ ಮಾಡಿ, "ಅದು ಚೀನಾ, ಜಪಾನಿನವರ ಊಟವಲ್ಲವಾ ಮೇಡಂ, ನಮಗೆ ಯಾಕೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟೇ ಮುಂದುವರಿಯುತ್ತೇನೆ.

ಮೊದಲು ಹುದುಗಿನ ಮಾತು. ಹಿಟ್ಟು ಹುಳಿ ಬರಿಸುವ ವಿದ್ಯೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು. ಅವರಂಥ ನೂರಾರು ಮಂದಿ ಊರಿನಿಂದ ಬಂದು ಈ ಮಹಾನಗರದ ಮೂಲೆ ಮೂಲೆಯಲ್ಲಿ ಇಡ್ಲಿ, ದೋಸೆ ಬಡಿಸಿದರು. ಮುಂಬಯಿಗೆ ಹುಳಿ ಹಿಟ್ಟಿನ ರುಚಿ ಹತ್ತಿಸಿದ್ದರಲ್ಲಿ ನಮ್ಮವರ ಪಾಲು ದೊಡ್ಡದು. ಡಿಸೆಂಬರ್ ಚಳಿಯಲ್ಲಿ ಹಿಟ್ಟಿನ ಪಾತ್ರೆಗೆ ಟವೆಲ್ ಸುತ್ತಬೇಕು, ಮೇ ತಿಂಗಳಲ್ಲಿ ನಾಲ್ಕು ಗಂಟೆ ಹೆಚ್ಚು ಬಿಟ್ಟರೆ ಹಿಟ್ಟು ಕಟ್ಟೆಯ ಮೇಲೆ ಹರಿಯುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಇನ್ನು ಸೋಯಾ. ಬೀದರ್, ಬೆಳಗಾವಿ, ಧಾರವಾಡ ಕಡೆಯವರು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಹೊಲಗಳಲ್ಲಿ ಮುಂಗಾರಿಗೆ ಸೋಯಾ ಅವರೆ ಹಸಿರಾಗಿ ನಿಂತಿರುವುದನ್ನು ನೀವು ಕಂಡಿದ್ದೀರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತುಕ್ಕುರೋಗ ತಡೆಯುವ ಡಿಎಸ್‌ಬಿ-21 ಎಂಬ ತಳಿಯನ್ನೇ ಕೊಟ್ಟಿದೆ. ಆದರೆ ಬೆಳೆದದ್ದು ಹೋಗುವುದು ಎಲ್ಲಿಗೆ? ಬಹುಪಾಲು ಎಣ್ಣೆ ಗಿರಣಿಗೆ. ಎಣ್ಣೆ ತೆಗೆದ ಮೇಲೆ ಉಳಿಯುವ ಪ್ರೋಟೀನ್ ತುಂಬಿದ ಹಿಂಡಿ ಕೋಳಿ ಫಾರ್ಮ್‌ಗೆ. ಗಾಂಧೀಜಿ 1935ರಲ್ಲೇ ವರ್ಧಾದ ಮಗನವಾಡಿಯಲ್ಲಿ ಸೋಯಾ ಅವರೆಯನ್ನು ಊಟದಲ್ಲಿ ಬಳಸಿ ನೋಡಿ, 'ಹರಿಜನ' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದಿದ್ದರು. ಅದಾಗಿ ಎಷ್ಟೋ ದಶಕಗಳಾದರೂ ನಮ್ಮ ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ತೊಗರಿ, ಹೆಸರು, ಉದ್ದು, ಕಡಲೆ ಇವೆ, ಸೋಯಾ ಇಲ್ಲ. ಹುದುಗಿನ ವಿದ್ಯೆಯೂ ನಮ್ಮದು, ಕಾಳೂ ನಮ್ಮದು. ಎರಡೂ ಒಂದೇ ಪಾತ್ರೆಯಲ್ಲಿ ಸೇರಲಿಲ್ಲ, ಅಷ್ಟೇ.

ಸೇರಬೇಕಾದ ಅಗತ್ಯ ಏನು ಎಂದು ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಇದು ಸುಮಾರು 46 ಗ್ರಾಂ. ಈಗ ಡೊಂಬಿವಲಿಯಲ್ಲಿಯೋ ನಾಲಾಸೋಪಾರದಲ್ಲಿಯೋ ಇರುವ, ಬೆಳಿಗ್ಗೆ 7.20ರ ಫಾಸ್ಟ್ ಲೋಕಲ್ ಹಿಡಿಯುವ ನಮ್ಮ ಒಬ್ಬ ಹೆಣ್ಣುಮಗಳ ದಿನವನ್ನು ನೋಡಿ. ಬೆಳಿಗ್ಗೆ ಚಹಾ, ಬಿಸ್ಕತ್ತು. ಡಬ್ಬಿಯಲ್ಲಿ ಎರಡು ಚಪಾತಿ, ಬಟಾಟೆ ಪಲ್ಯ. ಸಂಜೆ ಸ್ಟೇಷನ್ ಹೊರಗೆ ವಡಾಪಾವ್. ರಾತ್ರಿ ಅನ್ನ, ನೀರಾದ ಸಾರು. ಎಲ್ಲ ಕೂಡಿಸಿದರೂ 46 ತಲುಪುವುದು ಕಷ್ಟ. ಮೀನು, ಮೊಟ್ಟೆ ತಿನ್ನುವವರಿಗೆ ದಾರಿ ಇದೆ. ಶಾಕಾಹಾರಿಗಳಿಗೆ, ಅದರಲ್ಲೂ ಮಕ್ಕಳು ದೂರವಾಗಿ ಒಂಟಿಯಾಗಿರುವ, ರಾತ್ರಿ ಎರಡು ಇಡ್ಲಿ ಸಾಕು ಎನ್ನುವ ನಮ್ಮ ಹಿರಿಯರಿಗೆ ದಾರಿ ಸಣ್ಣದು. ಇನ್ನೊಂದು ಅಂಕಿ ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಈ ಸಾಲಿನಲ್ಲಿ ಹತ್ತು ಮಂದಿ ಕುಳಿತಿದ್ದರೆ ಐದಾರು ಮಂದಿ ಎಂದಾಯಿತು.

ಸೋಯಾದಲ್ಲಿ ಏನಿದೆ? ನೂರು ಗ್ರಾಂ ಒಣ ಕಾಳಿನಲ್ಲಿ 36ರಿಂದ 40 ಗ್ರಾಂ ಪ್ರೋಟೀನ್. ತೊಗರಿ, ಉದ್ದಿನಲ್ಲಿ 22–24 ಗ್ರಾಂ. ಪನೀರಿನಲ್ಲಿಯೂ 20ರ ಒಳಗೇ. ಇಷ್ಟೇ ಅಲ್ಲ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಸೋಯಾದಲ್ಲಿ ಅದು ಧಾರಾಳ. ಸೋಯಾದಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿಯಲ್ಲಿ ಅದು ಪರವಾಗಿಲ್ಲ. ಒಬ್ಬರಿಗೆ ಇಲ್ಲದ್ದು ಇನ್ನೊಬ್ಬರ ಬಳಿ ಇರುವ ಒಳ್ಳೆಯ ಜೋಡಿ ಇದು.

ಇಷ್ಟು ಒಳ್ಳೆಯದಾದರೆ ನೇರ ಬೇಯಿಸಿ ತಿನ್ನಬಹುದಲ್ಲ, ಹುದುಗು ಯಾಕೆ? ಏಕೆಂದರೆ ಸೋಯಾ ತನ್ನ ಸತ್ವವನ್ನು ಸುಲಭವಾಗಿ ಬಿಟ್ಟುಕೊಡುವ ಕಾಳಲ್ಲ. ಅದರಲ್ಲಿ ಮೂರು ಅಡ್ಡಿಗಳಿವೆ. ಒಂದು, ಟ್ರಿಪ್ಸಿನ್ ತಡೆಕಾರಕ. ನಮ್ಮ ಹೊಟ್ಟೆಯಲ್ಲಿ ಪ್ರೋಟೀನನ್ನು ಜೀರ್ಣಿಸುವ ಕಿಣ್ವದ ಕೈ ಕಟ್ಟಿಹಾಕುವ ವಸ್ತು ಇದು. ಎರಡು, ಫೈಟಿಕ್ ಆಮ್ಲ. ಇದು ಕಬ್ಬಿಣ, ಸತು, ಸುಣ್ಣದಂಶವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಲೇಬಲ್‌ನಲ್ಲಿ ಕಬ್ಬಿಣ ಇರುತ್ತದೆ, ಮೈಗೆ ಹತ್ತುವುದಿಲ್ಲ. ಮೂರು, ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು. ಸೋಯಾ ತಿಂದರೆ ಹೊಟ್ಟೆಯಲ್ಲಿ ವಾಯು ತುಂಬುವುದು ಇವುಗಳಿಂದ.

ಇಲ್ಲಿ ಹುದುಗಿನ ಸೂಕ್ಷ್ಮಜೀವಿಗಳು ನಮಗಾಗಿ ಕೆಲಸ ಮಾಡುತ್ತವೆ. ಅವು ದೊಡ್ಡ ಪ್ರೋಟೀನನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತವೆ. ಫೈಟಿಕ್ ಆಮ್ಲವನ್ನು ಒಡೆದು ಕಬ್ಬಿಣ, ಸತುವನ್ನು ಬಿಡಿಸುತ್ತವೆ. ವಾಯು ಮಾಡುವ ಸಕ್ಕರೆಯನ್ನು ತಾವೇ ತಿಂದು ಕಡಿಮೆ ಮಾಡುತ್ತವೆ. ರೈಬೋಫ್ಲೇವಿನ್, ನಿಯಾಸಿನ್‌ನಂಥ ಕೆಲವು ಬಿ ಜೀವಸತ್ವಗಳನ್ನು ಹೆಚ್ಚಿಸುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೀತ್ ಸ್ಟೈನ್‌ಕ್ರಾಸ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇಂಡೋನೇಷ್ಯಾದ ಸೋಯಾ ತಿನಿಸಾದ ಟೆಂಪೆಯನ್ನೂ ನಮ್ಮ ಇಡ್ಲಿಯನ್ನೂ ಅಭ್ಯಾಸ ಮಾಡಿದರು. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕನೋಸ್ಟಾಕ್ ಮೆಸೆಂಟರಾಯ್ಡೀಸ್ ಎಂಬ ಬ್ಯಾಕ್ಟೀರಿಯಾದ ಪಾತ್ರವನ್ನು 1965ರಲ್ಲಿ ಪ್ರಕಟಿಸಿದ ತಂಡದಲ್ಲಿ ಅವರೂ ಇದ್ದರು. ನಮ್ಮ ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ. ಅದಕ್ಕೆ ಎಷ್ಟು ಬೆಚ್ಚಗೆ, ಎಷ್ಟು ಹೊತ್ತು ಬೇಕು ಎಂಬುದು ಗೊತ್ತಿತ್ತು.

ಆದರೆ ಒಂದು ಮಾತು ನೆನಪಿಡಿ, ಇವತ್ತಿನ ನನ್ನ ಮಾತಿನ ಸಾರವೇ ಇದು. ಹುದುಗು ಪೆಟ್ಟಿಗೆಯ ಬೀಗ ತೆಗೆಯುತ್ತದೆ. ಪೆಟ್ಟಿಗೆಯಲ್ಲಿ ಇಲ್ಲದ ಚಿನ್ನವನ್ನು ತಂದು ಹಾಕುವುದಿಲ್ಲ. ಹಾಗಾಗಿ ಸತ್ವ ಹೆಚ್ಚಬೇಕಾದರೆ ಹುದುಗಿನ ಮೊದಲು ಏನು ಮಾಡುತ್ತೇವೆ, ಹುದುಗಿಗೆ ಏನು ಹಾಕುತ್ತೇವೆ, ಹುದುಗಿದ್ದನ್ನು ಯಾವುದರ ಜೊತೆ ತಿನ್ನುತ್ತೇವೆ, ಈ ಮೂರೂ ಮುಖ್ಯ.

ಮೊದಲನೆಯದು, ಹುದುಗಿನ ಮೊದಲಿನ ಕೆಲಸ. ಸೋಯಾ ಕಾಳನ್ನು ತೊಳೆದು ಎಂಟರಿಂದ ಹನ್ನೆರಡು ಗಂಟೆ ನೆನೆಸಿ. ಬೇಸಿಗೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿ. ನೆನೆಸಿದ ನೀರನ್ನು ಚೆಲ್ಲಿಬಿಡಿ, ಸಾರಿಗೆ ಹಾಕಬೇಡಿ. ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಅವರೆಕಾಳು ಹಿದುಕಿ ಅಭ್ಯಾಸವಿರುವವರಿಗೆ ಇದು ದೊಡ್ಡ ಕೆಲಸವಲ್ಲ. ಆಮೇಲೆ ಕುದಿಯುವ ನೀರಿಗೆ ಹಾಕಿ ಕನಿಷ್ಠ 20 ನಿಮಿಷ ಕುದಿಸಿ, ಆ ನೀರನ್ನೂ ಬಸಿಯಿರಿ. ತಣ್ಣೀರಿಗೆ ಹಾಕಿ ನಿಧಾನ ಕಾಯಿಸುವುದಲ್ಲ, ಕುದಿಯುವ ನೀರಿಗೇ ಹಾಕಬೇಕು. ಸೋಯಾದ ಹಸಿ ವಾಸನೆ ಹುಟ್ಟುವುದು ಲಿಪಾಕ್ಸಿಜಿನೇಸ್ ಎಂಬ ಕಿಣ್ವದಿಂದ. ಹಸಿ ಕಾಳನ್ನು ನೀರು ಹಾಕಿ ರುಬ್ಬಿದರೆ ಅದು ಕೆಲಸ ಶುರು ಮಾಡುತ್ತದೆ. ರುಬ್ಬುವ ಮೊದಲೇ ಬಿಸಿ ತಗುಲಿಸಿದರೆ ಅದು ಅಲ್ಲೇ ಸಾಯುತ್ತದೆ. ಟ್ರಿಪ್ಸಿನ್ ತಡೆಕಾರಕದ ಬಹುಪಾಲೂ ಇದೇ ಬಿಸಿಯಲ್ಲಿ ಹೋಗುತ್ತದೆ. "ಒಮ್ಮೆ ಸೋಯಾ ಹಾಕಿದೆ, ಮನೆಯವರು ತಟ್ಟೆ ಸರಿಸಿದರು" ಎನ್ನುವವರು ಈ ಒಂದು ಹೆಜ್ಜೆಯನ್ನು ಪಾಲಿಸಿ ನೋಡಿ.

ಎರಡನೆಯದು, ಹುದುಗಿಗೆ ಏನು, ಎಷ್ಟು ಹಾಕುವುದು. ಇಡ್ಲಿಯಿಂದಲೇ ಶುರು ಮಾಡೋಣ. ಸಾಮಾನ್ಯ ಅಳತೆ ಮೂರು ಕಪ್ ಅಕ್ಕಿಗೆ ಒಂದು ಕಪ್ ಉದ್ದು. ಅಂದರೆ 600 ಗ್ರಾಂ ಅಕ್ಕಿ, 200 ಗ್ರಾಂ ಉದ್ದು. ಇದರಲ್ಲಿ ಒಟ್ಟು ಸುಮಾರು 91 ಗ್ರಾಂ ಪ್ರೋಟೀನ್. ನಲವತ್ತು ಇಡ್ಲಿ ಆದರೆ ಒಂದಕ್ಕೆ 2.3 ಗ್ರಾಂ. ಅನೇಕರು ಮಾಡುವುದೇನೆಂದರೆ ಅರ್ಧ ಉದ್ದು ತೆಗೆದು ಅಷ್ಟೇ ಸೋಯಾ ಹಾಕುತ್ತಾರೆ. ಲೆಕ್ಕ ಹಾಕಿದರೆ ಒಟ್ಟು 104 ಗ್ರಾಂ, ಒಂದು ಇಡ್ಲಿಗೆ 2.6. ಹೆಚ್ಚಿದ್ದು ಮೂರು ಬೆಳ್ಳಿಯಷ್ಟು! ಉದ್ದು ತೆಗೆದು ಸೋಯಾ ಹಾಕುವುದೆಂದರೆ ಒಳ್ಳೆಯವರನ್ನು ಎಬ್ಬಿಸಿ ಇನ್ನೊಬ್ಬ ಒಳ್ಳೆಯವರನ್ನು ಕೂರಿಸಿದ ಹಾಗೆ. ಜಾಗ ಬಿಟ್ಟುಕೊಡಬೇಕಾದದ್ದು ಅಕ್ಕಿ.

ನಾನು ಮನೆಯಲ್ಲಿ ಮಾಡುವ ಅಳತೆ ಹೀಗಿದೆ: ಎರಡು ಕಪ್ ಇಡ್ಲಿ ಅಕ್ಕಿ, ಅಂದರೆ 400 ಗ್ರಾಂ, ಮುಕ್ಕಾಲು ಕಪ್ ಉದ್ದು, ಮುಕ್ಕಾಲು ಕಪ್ ಸೋಯಾ, ತಲಾ 150 ಗ್ರಾಂ. ಒಟ್ಟು ಪ್ರೋಟೀನ್ ಸುಮಾರು 118 ಗ್ರಾಂ. ಅದೇ ಗಾತ್ರದ 35 ಇಡ್ಲಿ ಆಗುತ್ತದೆ, ಒಂದಕ್ಕೆ 3.4 ಗ್ರಾಂ. ಮೂರು ಇಡ್ಲಿ ತಿಂದವರಿಗೆ ಏಳು ಗ್ರಾಂ ಸಿಗುತ್ತಿದ್ದಲ್ಲಿ ಹತ್ತು ಗ್ರಾಂ ಸಿಕ್ಕಿತು. ಹೊಟ್ಟೆಗೆ ಹೋಗುವ ಇಡ್ಲಿಯ ಸಂಖ್ಯೆ ಹೆಚ್ಚಲಿಲ್ಲ. ಎರಡೇ ಇಡ್ಲಿ ತಿನ್ನುವ ಅತ್ತೆಯವರಿಗೆ, ಡಬ್ಬಿ ಅರ್ಧ ಉಳಿಸಿಕೊಂಡು ಬರುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಪೂರ್ತಿ ಉದ್ದು ಬಿಟ್ಟು ಸೋಯಾ ಮಾತ್ರ ಹಾಕಬಹುದೇ? ಬೇಡ. ಇಡ್ಲಿ ಕಲ್ಲಾಗುತ್ತದೆ. ಉದ್ದಿನ ಹಿಟ್ಟು ಗಾಳಿ ಹಿಡಿದಿಟ್ಟುಕೊಳ್ಳುವ ಗುಟ್ಟನ್ನು 1970ರ ದಶಕದಲ್ಲಿ ಬಿಡಿಸಿ ತೋರಿಸಿದವರು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐಯ ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್. ಉದ್ದಿನ ಒಂದು ಬಗೆಯ ಪ್ರೋಟೀನ್ ನೊರೆ ಕಟ್ಟುತ್ತದೆ. ಅರಾಬಿನೋಗ್ಯಾಲಕ್ಟಾನ್ ಎಂಬ ಲೋಳೆಯಂಥ ವಸ್ತು ಬೇಯುವಾಗ ಆ ನೊರೆ ಕುಸಿಯದಂತೆ ಕಾಯುತ್ತದೆ. ಸೋಯಾಕ್ಕೆ ಈ ಶಕ್ತಿ ಇಲ್ಲ. ಆದ್ದರಿಂದ ಉದ್ದು ಇರಲೇಬೇಕು, ಅದನ್ನು ಹಸಿಯಾಗಿಯೇ ನುಣ್ಣಗೆ ರುಬ್ಬಬೇಕು. ಕುದಿಸಿದ ಸೋಯಾವನ್ನು ಪೂರ್ತಿ ಆರಿಸಿ, ಬೇರೆಯಾಗಿ ರುಬ್ಬಿ ಸೇರಿಸಿ. ಬಿಸಿಯಾಗಿ ಸೇರಿಸಿದರೆ ಹುದುಗು ಬರಿಸುವ ಜೀವಿಗಳೇ ಸತ್ತುಹೋಗುತ್ತವೆ. ಇಡ್ಲಿ ತುಸು ಹಳದಿ, ತುಸು ಗಟ್ಟಿ. ಮೊದಲ ಬಾರಿ ದೋಸೆ ಮಾಡಿ. ಬೇಗ ಕೆಂಪಗಾಗಿ ಗರಿಗರಿಯಾಗಿ ಬರುತ್ತದೆ, ಮಕ್ಕಳು ಕೇಳಿ ತಿನ್ನುತ್ತಾರೆ.

ಇಡ್ಲಿಯಲ್ಲಿ ಸೋಯಾ ಒಂದು ಪಾಲು ಮಾತ್ರ. ಪೂರ್ತಿ ಸೋಯಾದಿಂದಲೇ ಮಾಡುವ ತಿನಿಸು ಬೇಕೆಂದರೆ ಟೆಂಪೆ ಇದೆ. ಇಂಡೋನೇಷ್ಯಾದ ಜಾವಾ ದ್ವೀಪದ ದಿನನಿತ್ಯದ ಊಟ. ಬೇಯಿಸಿದ ಸೋಯಾಕ್ಕೆ ರೈಜೋಪಸ್ ಎಂಬ ಬೂಷ್ಟಿನ ಹೆಪ್ಪು ಹಾಕಿದರೆ, ಬಿಳಿ ಎಳೆಗಳು ಹತ್ತಿಯಂತೆ ಬೆಳೆದು ಕಾಳುಗಳನ್ನು ಹೆಣೆದು ಗಟ್ಟಿ ಬಿಲ್ಲೆ ಮಾಡುತ್ತವೆ. ನೂರು ಗ್ರಾಂ ಟೆಂಪೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್, ಜೊತೆಗೆ ಪನೀರಿನಲ್ಲಿ ಇಲ್ಲದ ನಾರು. ಮುಂಬಯಿಯಲ್ಲಿ ಈಗ ದೊಡ್ಡ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ. ಮನೆಯಲ್ಲಿ ಮಾಡಿದರೆ ಕಾಳಿನ ಖರ್ಚು ಅಷ್ಟೇ.

ಅರ್ಧ ಕಿಲೋ ಕಾಳು ನೆನೆಸಿ, ಸಿಪ್ಪೆ ತೆಗೆದು, ಎರಡು ದೊಡ್ಡ ಚಮಚ ವಿನೆಗರ್ ಹಾಕಿದ ನೀರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಬಸಿದು, ಬಟ್ಟೆಯ ಮೇಲೆ ಹರಡಿ ಮೇಲಿನ ತೇವ ಆರಿಸಿ. ಉಗುರು ಬೆಚ್ಚಗಾದಾಗ ಅಂಗಡಿಯಿಂದ ತಂದ ಟೆಂಪೆ ಹೆಪ್ಪನ್ನು ಪ್ಯಾಕೆಟ್ಟಿನ ಮೇಲಿನ ಅಳತೆಯಷ್ಟು ಕಲಸಿ. ಸಣ್ಣ ತೂತು ಮಾಡಿದ ಚೀಲದಲ್ಲಿ ಚಪ್ಪಟೆಯಾಗಿ ತುಂಬಿಡಿ. ಜಾವಾದವರು ಬಾಳೆ ಎಲೆಯಲ್ಲಿ ಕಟ್ಟುತ್ತಾರೆ. ಕೊಟ್ಟೆ, ಮೂಡೆ ಕಟ್ಟುವ ನಮ್ಮ ಕರಾವಳಿಯ ಕೈಗಳಿಗೆ ಅದೇನೂ ಹೊಸದಲ್ಲ. 30 ಡಿಗ್ರಿ ಬಿಸಿಯಲ್ಲಿ 24ರಿಂದ 36 ಗಂಟೆ ಬೇಕು. ಮುಂಬಯಿಯ ಹವೆಯಲ್ಲಿ ವರ್ಷದ ಹೆಚ್ಚು ದಿನ ಅಡುಗೆಮನೆಯೇ ಸಾಕು. ಬಿಳಿ, ಗಟ್ಟಿ, ಅಣಬೆಯ ಪರಿಮಳ ಇದ್ದರೆ ಸರಿ. ಅಲ್ಲಲ್ಲಿ ಕಪ್ಪು ಛಾಯೆ ಇದ್ದರೂ ತೊಂದರೆ ಇಲ್ಲ, ಅದು ಅದೇ ಬೂಷ್ಟಿನ ಬೀಜಕಣ. ಗುಲಾಬಿ, ಹಳದಿ, ಲೋಳೆ, ಮೂಗಿಗೆ ಹೊಡೆಯುವ ಘಾಟು ಇದ್ದರೆ ಯೋಚಿಸದೆ ಎಸೆಯಿರಿ. ಹಬೆಯಲ್ಲಿ ಬೇಯಿಸಿ, ಪಲ್ಯಕ್ಕೋ ಗಸಿಗೋ ಹಾಕಿ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಅದು ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ; ಆಮೇಲೆ ಆರೋಗ್ಯದ ಹೆಸರು ಹೇಳುವ ಹಾಗಿಲ್ಲ.

ಕರಾವಳಿಯ ಅಕ್ಕಂದಿರಿಗೆ ಒಂದು ವಿಶೇಷ ಎಚ್ಚರಿಕೆ. ತೆಂಗಿನಕಾಯಿ ಇಲ್ಲದೆ ನಮ್ಮ ಅಡುಗೆ ಇಲ್ಲ. ಆದರೆ ಟೆಂಪೆ ಹುದುಗುವಾಗ ಕಾಯಿತುರಿಯನ್ನೋ ಕೊಬ್ಬರಿ ಹಿಂಡಿಯನ್ನೋ ಸೇರಿಸಬೇಡಿ. ಜಾವಾದಲ್ಲಿ ಕೊಬ್ಬರಿ ಹಿಂಡಿಯಿಂದ 'ಬೊಂಗ್ಕ್ರೆಕ್' ಎಂಬ ಟೆಂಪೆ ಮಾಡುತ್ತಿದ್ದರು. ತೆಂಗಿನ ಕೊಬ್ಬಿನಲ್ಲಿ ಬೇರೊಂದು ಬ್ಯಾಕ್ಟೀರಿಯಾ ಸೇರಿ, ಬೇಯಿಸಿದರೂ ಹೋಗದ ವಿಷ ತಯಾರಾಗಿ, ಎಷ್ಟೋ ಜನ ಸತ್ತರು. 1988ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಟೆಂಪೆ ಸಿದ್ಧವಾದ ಮೇಲೆ ಗಸಿ ಮಾಡುವಾಗ ಕಾಯಿ ಎಷ್ಟು ಬೇಕಾದರೂ ಅರೆದು ಹಾಕಿ, ಅಡ್ಡಿಯಿಲ್ಲ.

ಹುದುಗಿದ ಸೋಯಾಕ್ಕಾಗಿ ಜಾವಾದ ತನಕ ಹೋಗಬೇಕೆಂದೂ ಇಲ್ಲ. ಸಿಕ್ಕಿಂ, ಡಾರ್ಜಿಲಿಂಗ್‌ನ ಕಿನೆಮಾ, ಮಣಿಪುರದ ಹವಾಯಿಜಾರ್, ಮೇಘಾಲಯದ ತುಂಗ್ರಿಂಬಾಯ್, ನಾಗಾಲ್ಯಾಂಡಿನ ಆಖುನಿ, ಮಿಜೋರಂನ ಬೆಕಾಂಗ್ ಎಲ್ಲವೂ ಬೇಯಿಸಿದ ಸೋಯಾವನ್ನು ಎಲೆಯಲ್ಲಿ ಸುತ್ತಿ ಹುದುಗಿಸಿದ್ದೇ. ಅವುಗಳಲ್ಲಿ ಕೆಲಸ ಮಾಡುವುದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ. ವಾಸನೆ ಜೋರು, ನಿಜ. ಒಣಮೀನು ಸುಟ್ಟ ದಿನ ಸೊಸೈಟಿಯ ನೆರೆಯವರು ಬಾಗಿಲು ಬಡಿದ ಅನುಭವ ಇಲ್ಲಿ ಕೆಲವರಿಗಿದೆ. ಕಲೀನಾ, ಸಾಂತಾಕ್ರೂಜ್ ಕಡೆ ಬಾಡಿಗೆಗಿರುವ ಈಶಾನ್ಯದ ಹುಡುಗಿಯರ ಅಡುಗೆಮನೆಯ ವಾಸನೆಗೆ ಮೂಗು ಮುರಿಯುವ ಮೊದಲು ಅದನ್ನು ನೆನಪಿಸಿಕೊಳ್ಳೋಣ. ಬಡ ಬೆಟ್ಟದ ಊರುಗಳಲ್ಲಿ ಮಾಂಸ ಸಿಗದ ದಿನ ಪ್ರೋಟೀನ್ ಕೊಟ್ಟದ್ದು ಆ ವಾಸನೆಯ ಪೊಟ್ಟಣಗಳೇ.

ಮೂರನೆಯದು, ಯಾವುದರ ಜೊತೆ ತಿನ್ನುತ್ತೇವೆ. ಹುದುಗಿನಿಂದ ಬಿಡುಗಡೆಯಾದ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಬೇಕು. ನಿಂಬೆ ಹಿಂಡಿದ ಕೋಸಂಬರಿ, ಹಸಿ ಮಾವಿನಕಾಯಿ ಚಟ್ನಿ, ನೆಲ್ಲಿಕಾಯಿ, ಒಂದು ಪೇರಳೆ ಹಣ್ಣು ಸಾಕು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಇಡ್ಲಿ ಗಂಟಲಿನಿಂದ ಇಳಿಯುವ ಮೊದಲೇ ಚಹಾ ಬರಬೇಕು. ಚಹಾದ ಟ್ಯಾನಿನ್ ಆ ಕಬ್ಬಿಣವನ್ನು ಮತ್ತೆ ಹಿಡಿದುಕೊಳ್ಳುತ್ತದೆ. ರಾತ್ರಿಯೆಲ್ಲ ಸೂಕ್ಷ್ಮಜೀವಿಗಳು ದುಡಿದದ್ದನ್ನು ಒಂದು ಕಟಿಂಗ್ ಚಹಾ ಕೆಡಿಸಿಬಿಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಬಿಡಬೇಡಿ. ರಕ್ತಹೀನತೆಗೆ ಊಟ ಜೊತೆಗಾರ, ಔಷಧದ ಬದಲಿ ಅಲ್ಲ.

ಈಗ ಹುದುಗಿನಿಂದ ಆಗದ ಕೆಲಸದ ಬಗ್ಗೆ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. 'ಹುಳಿ ಹಿಟ್ಟಿನಲ್ಲಿ, ಟೆಂಪೆಯಲ್ಲಿ ವಿಟಮಿನ್ ಬಿ-12 ಇದೆ, ಶಾಕಾಹಾರಿಗಳಿಗೆ ಮಾತ್ರೆ ಬೇಡ' ಎಂಬ ಸಂದೇಶ ನಮ್ಮ ಗುಂಪುಗಳಲ್ಲೂ ತಿರುಗಿದೆ. ನಮ್ಮ ಕಟ್ಟಡದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಕ್ಕ ಅದನ್ನು ನಂಬಿ ಬಿ-12 ಮಾತ್ರೆ ನಿಲ್ಲಿಸಿದರು. ಕೆಲವು ತಿಂಗಳಲ್ಲಿ ಪಾದ ಜೋಮು ಹಿಡಿಯಿತು. "ವಯಸ್ಸಾಯಿತು ಬಿಡು" ಎಂದುಕೊಂಡರು. ಒಂದು ದಿನ ಮೆಟ್ಟಿಲ ಅಂಚು ಕಾಲಿಗೆ ತಿಳಿಯದೆ ಬಿದ್ದರು. ರಕ್ತ ಪರೀಕ್ಷೆಯಲ್ಲಿ ಬಿ-12 ತಳ ಕಂಡಿತ್ತು. ಇಂಜೆಕ್ಷನ್ ಆದ ಮೇಲೆ ಸುಧಾರಿಸಿದ್ದಾರೆ, ಆದರೆ ಎಡಗಾಲಿನ ಬೆರಳುಗಳ ಜೋಮು ಪೂರ್ತಿ ಹೋಗಿಲ್ಲ. ನರಕ್ಕೆ ಆದ ಹಾನಿ ಎಲ್ಲವೂ ಹಿಂದಕ್ಕೆ ಬರುವುದಿಲ್ಲ.

ವಿಜ್ಞಾನ ಹೇಳುವುದು ಇಷ್ಟು. ಟೆಂಪೆಯ ಬೂಷ್ಟು ಬಿ-12 ತಯಾರಿಸುವುದಿಲ್ಲ. ಇಂಡೋನೇಷ್ಯಾದ ಕೆಲವು ಟೆಂಪೆಗಳಲ್ಲಿ ಅದು ಕಂಡದ್ದು ಹೊರಗಿನಿಂದ ಸೇರಿಕೊಂಡ ಬ್ಯಾಕ್ಟೀರಿಯಾದಿಂದ. ಶುದ್ಧ ಹೆಪ್ಪಿನಿಂದ, ಸ್ವಚ್ಛವಾಗಿ ಮಾಡಿದ ಟೆಂಪೆಯಲ್ಲಿ ಅದನ್ನು ನಂಬುವ ಹಾಗಿಲ್ಲ. ಇಡ್ಲಿಯ ಕಥೆಯೂ ಹಾಗೆಯೇ. ಟೆಂಪೆಯ ಬೂಷ್ಟಿನ ಜೊತೆಗೆ ಬಿ-12 ತಯಾರಿಸುವ ಪ್ರೊಪಿಯೊನಿಬ್ಯಾಕ್ಟೀರಿಯಂ ಬೆಳೆಸುವ ಪ್ರಯೋಗಗಳು ಯುರೋಪಿನ ಪ್ರಯೋಗಾಲಯಗಳಲ್ಲಿ ನಡೆದು ಒಳ್ಳೆಯ ಫಲವನ್ನೂ ಕೊಟ್ಟಿವೆ. ಅದು ನಮ್ಮ ಅಂಗಡಿಗೆ ಬರುವ ತನಕ ಹಾಲು, ಮೊಸರು, ಮೊಟ್ಟೆ, ಮೀನು ಮತ್ತು ಡಾಕ್ಟರು ಹೇಳಿದರೆ ಮಾತ್ರೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಮಾತ್ರೆಯ ಮಾತು ಬಂದದ್ದರಿಂದ ಇನ್ನೆರಡು ವಿಷಯ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕೈ ಎತ್ತಿ ಎಂದರೆ ಅರ್ಧ ಸಭೆ ಎತ್ತೀತು. ಸೋಯಾ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಬೆಳಿಗ್ಗೆ ಆರಕ್ಕೆ ಮಾತ್ರೆ, ಆರೂವರೆಗೆ ಸೋಯಾ ಇಡ್ಲಿ ಎಂದಾದರೆ ಮಾತ್ರೆ ವ್ಯರ್ಥ. ಅಂಥವರು ಸೋಯಾವನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ, ಡಾಕ್ಟರಿಗೂ ಹೇಳಿ. ಇನ್ನು, ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಜಪಾನಿನ ನಾಟ್ಟೊ ತಿನ್ನಲೇಬಾರದು. ಅದರಲ್ಲಿ ವಿಟಮಿನ್ ಕೆ-2 ತುಂಬ ಹೆಚ್ಚು, ಮಾತ್ರೆಯ ಕೆಲಸವನ್ನೇ ಅದು ತಡೆಯುತ್ತದೆ. ಕಿನೆಮಾದಲ್ಲಿಯೂ ಅದೇ ಬಗೆಯ ಬ್ಯಾಕ್ಟೀರಿಯಾ ಇರುವುದರಿಂದ ಅದನ್ನೂ ದೂರ ಇಡುವುದು ಒಳ್ಳೆಯದು.

ಕೊನೆಗೆ ಸೋಯಾ ಸಾಸ್. ಮುಂಬಯಿಯವರಿಗೆ ಅತಿ ಪರಿಚಿತ ಹುದುಗಿದ ಸೋಯಾ ಅದೇ, ಚೈನೀಸ್ ಗಾಡಿಯ ದಯೆಯಿಂದ. ಅದನ್ನು ಪೋಷಣೆ ಎಂದುಕೊಳ್ಳಬೇಡಿ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 2000. ಅಗ್ಗದ ಸಾಸ್‌ಗಳಲ್ಲಿ ಹಲವು ಹುದುಗಿಸಿದ್ದೇ ಅಲ್ಲ, ಆಮ್ಲದಲ್ಲಿ ಕರಗಿಸಿದ ಪ್ರೋಟೀನಿಗೆ ಬಣ್ಣ ಸೇರಿಸಿದ್ದು. ಬಾಟಲಿಯ ಹಿಂದಿನ ಚೀಟಿ ಓದಿ. ಹಾಗೆಯೇ ಸೋಯಾ ಚಂಕ್ಸ್ ಪ್ರೋಟೀನಿಗೆ ಒಳ್ಳೆಯದು, ಆದರೆ ಅದು ಹುದುಗಿಸಿದ ಆಹಾರವಲ್ಲ.

ಸತ್ವ ಹೆಚ್ಚಿಸುವ ಕೆಲಸ ಹೊಲದಲ್ಲೂ ನಡೆದಿದೆ. ಇಂದೋರಿನ ಸೋಯಾಬೀನ್ ಸಂಶೋಧನಾ ಸಂಸ್ಥೆ ಎನ್‌ಆರ್‌ಸಿ-127 ಎಂಬ ತಳಿ ತಂದಿದೆ. ಅದರಲ್ಲಿ ಕೂನಿಟ್ಜ್ ಎಂಬ ಮುಖ್ಯ ಟ್ರಿಪ್ಸಿನ್ ತಡೆಕಾರಕವೇ ಇಲ್ಲ. ಎನ್‌ಆರ್‌ಸಿ-142ರಲ್ಲಿ ಅದರ ಜೊತೆಗೆ ಹಸಿ ವಾಸನೆಯ ಒಂದು ಕಿಣ್ವವೂ ಇಲ್ಲ. ಊರಲ್ಲಿ ಸೋಯಾ ಬೆಳೆಯುವ ಅಣ್ಣ-ತಮ್ಮಂದಿರಿದ್ದರೆ ಮುಂದಿನ ಸಲ ಫೋನ್ ಮಾಡಿದಾಗ ಈ ತಳಿಗಳ ಬಗ್ಗೆ ಕೇಳಿ. ಎಣ್ಣೆಗೆಂದು ಬೆಳೆದದ್ದು, ಊಟಕ್ಕೆಂದು ಬೆಳೆದದ್ದು ಬೇರೆ ಬೇರೆಯಾದರೆ ರೈತರಿಗೂ ಒಂದು ಹೊಸ ಮಾರುಕಟ್ಟೆ, ನಮಗೂ ವಾಸನೆ ಇಲ್ಲದ ಕಾಳು.

ಅಲ್ಲಿಯ ತನಕ ಒಂದು ವಿನಂತಿ. ಈ ವಾರ ಯಾವುದಾದರೂ ಒಂದು ದಿನ ಮುಕ್ಕಾಲು ಕಪ್ ಸೋಯಾ ನೆನೆಸಿ, ಒಂದು ಕಪ್ ಅಕ್ಕಿ ಕಡಿಮೆ ಮಾಡಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ತಿನ್ನುವವರು ಯಾರೋ ಅವರ ತಟ್ಟೆಗೆ ಮೊದಲ ದೋಸೆ ಹಾಕಿ. ಎಷ್ಟೋ ಮನೆಗಳಲ್ಲಿ ಅದು ದೋಸೆ ಹುಯ್ಯುತ್ತ ಒಲೆಯ ಮುಂದೆ ನಿಂತಿರುವವರೇ ಆಗಿರುತ್ತಾರೆ. ಹಾಗಿದ್ದರೆ ಮೊದಲ ದೋಸೆ ನಿಮಗೇ.

ಪ್ರಶ್ನೆಗಳಿದ್ದರೆ ಕೇಳಿ. ಚಹಾ ಮಾತ್ರ ಒಂದು ಗಂಟೆ ಬಿಟ್ಟು.